ಒಂದು ಊರಿನ ಬದಲಾವಣೆಯನ್ನು ಸಿದ್ಧಾಂತಕ್ಕೆ ಒಡ್ಡಿ ನೋಡುವುದು ಹೇಗೆ

ಸಮಾಜಶಾಸ್ತ್ರದ ಎಂ.ಎ. ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಕೊರತೆ ಒಂದಿದೆ. ಮೊದಲ ಅಧ್ಯಾಯದಲ್ಲಿ ಮಾರ್ಕ್ಸ್, ವೇಬರ್, ದುರ್ಖೈಮ್, ಪಾರ್ಸನ್ಸ್ ಎಲ್ಲರೂ ಬಂದು ಹೋಗುತ್ತಾರೆ. ಆಮೇಲೆ ಊರಿನ ಮಾಹಿತಿ ಶುರುವಾಗುತ್ತದೆ. ಎರಡೂ ಎಲ್ಲಿಯೂ ಮುಖಾಮುಖಿಯಾಗುವುದಿಲ್ಲ. ಸಿದ್ಧಾಂತ ಕೆಲಸಕ್ಕೆ ಬರಬೇಕಾದರೆ ಅದು ಸೋಲುವುದಕ್ಕೂ ಅವಕಾಶವಿರಬೇಕು. ಆದ್ದರಿಂದ ಊರಿಗೆ ಹೋಗುವ ಮುಂಚೆಯೇ, 'ಈ ಸಿದ್ಧಾಂತ ಸರಿಯಾದರೆ ಅಲ್ಲಿ ಏನು ಕಾಣಬೇಕು, ಏನು ಕಾಣಬಾರದು' ಎಂದು ಬರೆದಿಟ್ಟುಕೊಳ್ಳಿ. ಒಂದೊಂದು ಸಿದ್ಧಾಂತಕ್ಕೆ ಎರಡೇ ಸಾಲು ಸಾಕು.

ವಿಷಯವನ್ನು ಕಿರಿದು ಮಾಡುವುದು ಮೊದಲ ಕೆಲಸ. 'ಗ್ರಾಮೀಣ ಸಮಾಜದಲ್ಲಿ ಬದಲಾವಣೆ' ಎಂದರೆ ಹಿಡಿತಕ್ಕೇ ಸಿಗುವುದಿಲ್ಲ. ಒಂದು ಊರು, ಒಂದು ಸಂಬಂಧ, ಎರಡು ಕಾಲಘಟ್ಟ ಇಷ್ಟಿರಲಿ. ಜಮೀನುದಾರ ಮತ್ತು ಕೂಲಿಯವರ ಸಂಬಂಧವಾಗಬಹುದು, ಮದುವೆಯ ಕೊಡುಕೊಳ್ಳುವಿಕೆಯಾಗಬಹುದು, ನ್ಯಾಯಪಂಚಾಯ್ತಿಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದಾಗಬಹುದು. ಕಾಲವನ್ನು ಗುರುತಿಸಲು ಹೊರಗಿನಿಂದ ಬಂದ ಖಚಿತ ಘಟನೆ ಬೇಕು: ನಾಲೆಗೆ ನೀರು ಬಿಟ್ಟ ವರ್ಷ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1, ಮಹಿಳೆಯರಿಗೆ ಶೇ. 25 ಮೀಸಲಾತಿ ಇಟ್ಟು ನಡೆದ 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯ್ತಿ ಚುನಾವಣೆ.

ಆಮೇಲೆ ಜೋಡಿ ಊರು ಹುಡುಕಿ. ಇದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ಸಡಿಲವಾಗುತ್ತದೆ. ಇದಕ್ಕೆ ಮಂಡ್ಯ ಸೀಮೆಯಲ್ಲೇ ಒಳ್ಳೆಯ ಮಾದರಿಯಿದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಎರಡು ಊರುಗಳನ್ನು ಅಧ್ಯಯನ ಮಾಡಿ, ವಂಗಲ ಮತ್ತು ದಲೇನ ಎಂಬ ಬದಲಿ ಹೆಸರು ಕೊಟ್ಟರು. ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲಕ್ಕೆ ಸಿಕ್ಕಿತು. ಎತ್ತರದಲ್ಲಿದ್ದ ದಲೇನಕ್ಕೆ ಏರಲಿಲ್ಲ. ಎರಡರಲ್ಲೂ ಒಕ್ಕಲಿಗರೇ ಪ್ರಬಲರು, ಎರಡಕ್ಕೂ ಮಂಡ್ಯ ಹತ್ತಿರ. ಬೇರೆಯಾಗಿದ್ದದ್ದು ಮುಖ್ಯವಾಗಿ ನೀರು. ವಂಗಲದಲ್ಲಿ ಕಬ್ಬು ಬಂತು, ದುಡ್ಡು ಬಂತು, ಆದರೆ ವಂಶಪಾರಂಪರ್ಯವಾಗಿ ಬಂದ ಒಡೆಯ–ಆಳಿನ ಸಂಬಂಧ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ನೀರು ಸಿಗದ ದಲೇನದವರು ಮಂಡ್ಯಕ್ಕೆ ಕೆಲಸಕ್ಕೆ ಹೋದರು, ವ್ಯಾಪಾರಕ್ಕೆ ಇಳಿದರು, ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿ.

ಈಗ ಇದರ ಎದುರಿಗೆ ಸಿದ್ಧಾಂತಗಳನ್ನು ನಿಲ್ಲಿಸಿ. 'ಆರ್ಥಿಕತೆ ಬದಲಾದರೆ ಸಮಾಜವೂ ಬದಲಾಗುತ್ತದೆ' ಎಂದು ಮಾರ್ಕ್ಸ್ ಹೆಸರಿನಲ್ಲಿ ಹೇಳುವ ಒರಟು ಮಾತು ವಂಗಲದಲ್ಲಿ ಸೋಲುತ್ತದೆ. ಮಾರ್ಕ್ಸ್ ಸೋತರು ಎಂದು ತಕ್ಷಣ ಬರೆಯಬೇಡಿ. ಅಲ್ಲಿ ಬದಲಾದದ್ದು ಬೆಳೆ ಮತ್ತು ಆದಾಯ. ಯಾರ ಭೂಮಿ, ಯಾರ ದುಡಿಮೆ ಎಂಬ ಉತ್ಪಾದನಾ ಸಂಬಂಧ ಅಷ್ಟಾಗಿ ಅಲುಗಲಿಲ್ಲ. 1922ರಲ್ಲಿ ಸಮಾಜಶಾಸ್ತ್ರಜ್ಞ ಆಗ್‌ಬರ್ನ್ ಮುಂದಿಟ್ಟ ಸಾಂಸ್ಕೃತಿಕ ಹಿಂಬೀಳಿಕೆಯ ಪ್ರಕಾರ ತಂತ್ರಜ್ಞಾನ ಮುಂದೆ ಓಡುತ್ತದೆ, ನಂಬಿಕೆ, ರೂಢಿಗಳು ನಿಧಾನವಾಗಿ ಬಂದು ಕೂಡುತ್ತವೆ. ಇದನ್ನು ಬಳಸುವವರು ಅವಧಿ ಹೇಳಲೇಬೇಕು. 'ಇನ್ನೂ ಬಂದಿಲ್ಲ, ಮುಂದೆ ಬರುತ್ತದೆ' ಎನ್ನುತ್ತಾ ಹೋದರೆ ಅದನ್ನು ಯಾವ ಊರೂ ತಪ್ಪೆಂದು ತೋರಿಸಲಾರದು. ಎಪ್‌ಸ್ಟೈನ್ ಅವರ ಉತ್ತರ ಇನ್ನೂ ಬಿಗಿಯಾದದ್ದು: ಹೊಸ ಅವಕಾಶ ಹಳೆಯ ವ್ಯವಸ್ಥೆಗೆ ಒಗ್ಗಿದರೆ ವ್ಯವಸ್ಥೆ ಉಳಿಯುತ್ತದೆ, ಒಗ್ಗದಿದ್ದರೆ ಮುರಿಯುತ್ತದೆ. ಇದನ್ನು ನಿಮ್ಮ ಊರಿನಲ್ಲಿ ಪರೀಕ್ಷಿಸಬಹುದು.

ಸಂಸ್ಕೃತೀಕರಣದ, ಅಂದರೆ ಕೆಳಗಿನ ಜಾತಿ ಮೇಲ್ಜಾತಿಯ ಆಚಾರಗಳನ್ನು ಅನುಕರಿಸಿ ಮೇಲಿನ ಸ್ಥಾನ ಬಯಸುವುದರ, ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಅಧ್ಯಯನದಲ್ಲಿ ಈ ಪರಿಕಲ್ಪನೆಯನ್ನು ಬಳಸಿದರು. ಇದರಿಂದ ಜಾತಿಯ ಸ್ಥಾನ ಬದಲಾಗಬಹುದೇ ಹೊರತು ಶ್ರೇಣಿಯ ರಚನೆ ಬದಲಾಗುವುದಿಲ್ಲ ಎಂದು ಅವರೇ ಹೇಳಿದ್ದಾರೆ. ವಿದ್ಯಾರ್ಥಿಗಳು ಮಾತ್ರ ಎಲ್ಲ ಬದಲಾವಣೆಗೂ ಇದೇ ಹೆಸರು ಅಂಟಿಸುತ್ತಾರೆ. ತೆರ (ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ಕೊಡುತ್ತಿದ್ದ ಹಣ) ಹೋಗಿ ವರದಕ್ಷಿಣೆ ಬಂದದ್ದನ್ನೇ ತೆಗೆದುಕೊಳ್ಳಿ. ಇದು ಮೇಲ್ಜಾತಿಯ ಅನುಕರಣೆಯೋ, ಓದಿದ, ನೌಕರಿಯಿರುವ ಗಂಡಿಗೆ ಬಂದ ಬೆಲೆಯೋ? ಬಿಡಿಸಲು ದಾರಿಯಿದೆ. ಕಳೆದ ಮೂರು ತಲೆಮಾರಿನ 40 ಮದುವೆಗಳ ಪಟ್ಟಿ ಮಾಡಿ: ವರ್ಷ, ವರನ ಓದು, ಕೆಲಸ, ಕೊಟ್ಟದ್ದು–ಪಡೆದದ್ದು, ಪುರೋಹಿತರು ಬಂದಿದ್ದರೇ, ಮನೆಯಲ್ಲಿ ಮಾಂಸ ಬಿಟ್ಟಿದ್ದರೇ. ಆಚಾರ ಬದಲಿಸಿದ ಮನೆಗಳಲ್ಲೇ ವರದಕ್ಷಿಣೆ ಮೊದಲು ಕಂಡರೆ ಅನುಕರಣೆಯ ವಾದಕ್ಕೆ ಬಲ. ಆಚಾರ ಹೇಗೇ ಇರಲಿ, ಮೊತ್ತ ನೌಕರಿಯ ಜೊತೆಗೇ ಏರಿದರೆ ಎರಡನೆಯದಕ್ಕೆ.

ದಾಖಲೆಗಳಿಂದ ಮೋಸ ಹೋಗುವುದು ಸುಲಭ. ಪಹಣಿಯ 9ನೇ ಕಾಲಂನಲ್ಲಿ ಒಡೆತನ, 12ನೇ ಕಾಲಂನಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತದೆ. 12ರಲ್ಲೂ ಒಡೆಯನ ಹೆಸರೇ ಇದೆಯೆಂದು ಗೇಣಿ ಹೋಯಿತು ಎಂದುಕೊಳ್ಳಬೇಡಿ. ಕಾನೂನು ಗೇಣಿಯನ್ನು ನಿಷೇಧಿಸಿದ ಮೇಲೆ ಬಾಯಿಮಾತಿನ ವಾರ (ಬೆಳೆಯಲ್ಲಿ ಪಾಲು), ಗುತ್ತಿಗೆ ಯಾವ ಕಾಲಂಗೂ ಬರುವುದಿಲ್ಲ. ಹೊಲದ ಬದುವಿನಲ್ಲಿ ನಿಂತು, ಈ ಬಾರಿ ಗೊಬ್ಬರಕ್ಕೆ ದುಡ್ಡು ಹಾಕಿದವರು ಯಾರು ಎಂದು ಕೇಳಿದರೆ ನಿಜ ಸಂಗತಿ ಹೊರಬೀಳುತ್ತದೆ. ಜಾತಿವಾರು ಲೆಕ್ಕಕ್ಕೂ ಜನಗಣತಿ ಸಾಲದು: 1951ರಿಂದ 2011ರವರೆಗಿನ ಗಣತಿಗಳು ಪರಿಶಿಷ್ಟ ಜಾತಿ, ಪಂಗಡ ಬಿಟ್ಟು ಉಳಿದ ಜಾತಿಗಳ ಅಂಕಿ ಕೊಡುವುದಿಲ್ಲ. ಹಳೆಯ ಶಾಲೆಯ ದಾಖಲಾತಿ ಪುಸ್ತಕ ಇಲ್ಲಿ ನೆರವಾಗುತ್ತದೆ. ಮಗುವಿನ ಜಾತಿ, ತಂದೆಯ ಕಸುಬು, ಸೇರಿದ ವರ್ಷ ಒಂದೇ ಸಾಲಿನಲ್ಲಿ ಸಿಗುತ್ತವೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನೋಡಿ, ಹೆಸರು ಬರೆದುಕೊಳ್ಳಬೇಡಿ.

ಸಂದರ್ಶನದಲ್ಲಿ 'ಮುಂಚೆ ಹೀಗಿರಲಿಲ್ಲ' ಎಂಬ ಮಾತನ್ನು ಹಾಗೆಯೇ ಬರೆದುಕೊಳ್ಳಬೇಡಿ. ಮುಂಚೆ ಎಂದರೆ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲವೋ, ಊರಿಗೆ ಕರೆಂಟ್ ಬಂದ ಮೇಲೋ, ಹಿರಿಮಗನ ಮದುವೆಗೂ ಹಿಂದೆಯೋ ಎಂದು ಕೇಳಿ, ವರ್ಷಕ್ಕೆ ತನ್ನಿ. ಒಡೆಯರ ಬೀದಿಯಲ್ಲಿ 'ಆಳುಗಳು ಮಾತು ಕೇಳುವುದಿಲ್ಲ' ಎಂದು ಸಿಗುವ ಸಂಗತಿ ದಲಿತ ಕೇರಿಯಲ್ಲಿ 'ಬಿಟ್ಟಿ ಚಾಕರಿ ಬಿಟ್ಟೆವು' ಎಂದಿರುತ್ತದೆ. ಎರಡೂ ಕಡೆ ಸಮನಾಗಿ, ಬೇರೆಬೇರೆ ದಿನ, ಒಬ್ಬರ ಎದುರು ಇನ್ನೊಬ್ಬರಿಲ್ಲದಂತೆ ಕೇಳಿ. ಒಂದು ಬೀದಿಯಿಂದಷ್ಟೇ ಬಂದ ಬದಲಾವಣೆಯ ಚಿತ್ರ ಆ ಬೀದಿಯ ಅಸಮಾಧಾನದ ಚಿತ್ರ ಮಾತ್ರ.

ಬರೆಯುವಾಗ ಯಾವ ನಿರೀಕ್ಷೆ ಸುಳ್ಳಾಯಿತು ಎಂಬುದಕ್ಕೆ ಪೂರ್ತಿ ಒಂದು ಅಧ್ಯಾಯ ಕೊಡಿ. ಎಪ್‌ಸ್ಟೈನ್ 1970ರಲ್ಲಿ ಅದೇ ಊರುಗಳಿಗೆ ಮರಳಿ ಹೋಗಿ ಹೋಲಿಸಲು ಸಾಧ್ಯವಾದದ್ದು ಮೊದಲ ಸಲದ ಮನೆವಾರು ಲೆಕ್ಕಗಳು ಕೈಯಲ್ಲಿದ್ದುದರಿಂದ. ನಿಮ್ಮ ಪಟ್ಟಿಯಲ್ಲೂ ಪ್ರತಿ ಮನೆಗೆ ಸಂಕೇತ ಸಂಖ್ಯೆ, ಭೇಟಿಯ ದಿನಾಂಕ, ಕೇಳಿದ ಪ್ರಶ್ನೆಯ ಯಥಾವತ್ ಮಾತು ಇರಲಿ. ಸಂಖ್ಯೆ ಮತ್ತು ಹೆಸರುಗಳನ್ನು ಜೋಡಿಸುವ ಹಾಳೆಯನ್ನು ಬೇರೆ ಕಡೆ ಬೀಗ ಹಾಕಿಡಿ.