ಸ್ಕಾಗೆನ್ ಊರನ್ನ ನಾನು ನೋಡಿದ್ದು ಹೀಗೆ: ಮೊದ್ಲು ಮರಳು, ಆಮೇಲೆ ಮ್ಯೂಸಿಯಂ

ಡೆನ್ಮಾರ್ಕಿಗೆ ಬರೋ ನಮ್ಮೋರು ಕೋಪನ್‌ಹೇಗನ್ ನೋಡ್ಕೊಂಡು ವಾಪಸ್ ಹೊರಟುಬಿಡ್ತಾರೆ. ಒಂದು ರಾತ್ರಿ ಉಳಿಯೋಷ್ಟು ಟೈಮ್ ಇದ್ರೂ ಸಾಕು, ಸ್ಕಾಗೆನ್‌ಗೆ ಹೋಗಿ ಬನ್ನಿ ಅಂತ ನಾನು ಎಲ್ಲರಿಗೂ ಹೇಳ್ತಾ ಇರ್ತೀನಿ. ದೇಶದ ಉತ್ತರದ ತುತ್ತತುದಿಯಲ್ಲಿರೋ ಮೀನುಗಾರರ ಊರು, ಹಳದಿ ಗೋಡೆ, ಕೆಂಪು ಹೆಂಚು, ಹೆಂಚಿನ ಅಂಚಿಗೆಲ್ಲ ಬಿಳಿ ಪಟ್ಟಿ. ಆಲ್ಬೋರ್ಗ್ ಕಡೆಯಿಂದ ಫ್ರೆಡರಿಕ್ಸ್‌ಹಾವ್ನ್ ಮೇಲೆ ಟ್ರೈನ್ ಇದೆ, ಫ್ರೆಡರಿಕ್ಸ್‌ಹಾವ್ನ್‌ನಿಂದ ಮುಕ್ಕಾಲು ಗಂಟೆ ಒಳಗೆ ಊರು ಸಿಗುತ್ತೆ. ಈ ರೈಲು ಬಂದಿದ್ದೇ 1890ರಲ್ಲಿ.

ಹೆಚ್ಚಿನವ್ರು ಬೆಳಿಗ್ಗೆ ಬಂದು ಎರಡು ಸಮುದ್ರ ಸೇರೋ ತುದಿಯಲ್ಲಿ ಫೋಟೋ ತೆಗ್ಸಿ ಸಂಜೆ ಹೊರಡ್ತಾರೆ. ನಾನು ಅಲ್ಲೇ ಉಳ್ಕೊಂಡೆ, ಯಾಕಂದ್ರೆ ಈ ಊರಿಗೆ ಹೆಸರು ಬಂದಿದ್ದೇ ಇಲ್ಲಿನ ಬೆಳಕಿಂದ, ಆ ಬೆಳಕು ಚೆನ್ನಾಗಿರೋದು ಬೆಳಿಗ್ಗೆ ಬೇಗ ಮತ್ತೆ ಸಂಜೆ ಲೇಟಾಗಿ. ಮಧ್ಯಾಹ್ನ ಲಗೇಜ್ ಇಟ್ಟು, ಸಂಜೆ ಸೈಕಲ್ ಬಾಡಿಗೆಗೆ ತಗೊಂಡು ಪಶ್ಚಿಮದ ಗಾಮೆಲ್ ಸ್ಕಾಗೆನ್ ಬೀಚಿಗೆ ಹೋದೆ. ಜೂನಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತು ದಾಟಿದ ಮೇಲೆ, ಅದಕ್ಕೇ ಜಾಕೆಟ್ ಹಾಕ್ಕೊಂಡು ಹೋಗಿ, ಬೇಸಿಗೆ ಅಂದ್ರೂ ಗಾಳಿ ಮೈ ಕೊರೆಯುತ್ತೆ.

ಮಾರನೇ ದಿನ ಬೆಳಿಗ್ಗೆ ಬೇಗ ಗ್ರೇನೆನ್, ಅಂದ್ರೆ ಆ ಎರಡು ಸಮುದ್ರ ಸೇರೋ ತುದಿ. ಎಡಗಡೆ ಸ್ಕಾಗೆರಾಕ್, ಬಲಗಡೆ ಕಾಟೆಗಾಟ್, ಮಧ್ಯೆ ಕಿರಿದಾಗ್ತಾ ಹೋಗೋ ಮರಳಿನ ನಾಲಿಗೆ. ಪಾರ್ಕಿಂಗಿಂದ ಬೀಚ್ ಮೇಲೆ ಅರ್ಧ ಗಂಟೆ ಸುಮಾರು ನಡಿಬೇಕು. ವಯಸ್ಸಾದ ಅಪ್ಪ ಅಮ್ಮನ ಕರ್ಕೊಂಡು ಬಂದಿದ್ರೆ ಸೀಸನ್ನಲ್ಲಿ ಸ್ಯಾಂಡೋರ್ಮೆನ್ ಅಂತ ಟ್ರಾಕ್ಟರ್ ಎಳೆಯೋ ಬಸ್ ಇದೆ, ತುದಿವರೆಗೂ ಕರ್ಕೊಂಡು ಹೋಗುತ್ತೆ. ತುದಿಯಲ್ಲಿ ನಿಂತಾಗ ನೋಡ್ಬೇಕು, ಎರಡೂ ಕಡೆಯಿಂದ ಅಲೆ ಓರೆಯಾಗಿ ಬಂದು ಒಂದಕ್ಕೊಂದು ಢಿಕ್ಕಿ ಹೊಡೆದು ನೀರು ನೆಟ್ಟಗೆ ಮೇಲೇಳುತ್ತೆ, ಆ ನೊರೆಯ ಗೆರೆ ಸಮುದ್ರದೊಳಗೆ ದೂರದವರೆಗೂ ಹೋಗುತ್ತೆ, ಅಷ್ಟರಲ್ಲಿ ಕಾಲಡಿಯ ಮರಳು ಜಾರ್ತಾ ಇರುತ್ತೆ. ಪಾದ ನೆನೆಸ್ಕೊಳ್ಳಿ, ಅಷ್ಟೇ ಸಾಕು. ಇಲ್ಲಿ ಈಜೋ ಹಾಗಿಲ್ಲ, ಸೆಳೆತ ಜೀವ ತೆಗೆಯುತ್ತೆ. ಅದೃಷ್ಟ ಇದ್ರೆ ಸೀಲ್‌ಗಳೂ ಮಲ್ಕೊಂಡಿರ್ತವೆ, ಹತ್ರ ಹೋಗ್ಬೇಡಿ. ದಾರಿಯಲ್ಲಿ ಜರ್ಮನ್ನರು ಯುದ್ಧಕಾಲದಲ್ಲಿ ಕಟ್ಟಿದ ಕಾಂಕ್ರೀಟ್ ಬಂಕರ್‌ಗಳಿವೆ, ದಿಬ್ಬದ ಮೇಲೆ ಹೋಲ್ಗರ್ ಡ್ರಾಕ್‌ಮನ್ ಅನ್ನೋ ಕವಿಯ ಸಮಾಧಿನೂ ಇದೆ.

ವಾಪಸ್ ಬರ್ತಾ 46 ಮೀಟರ್ ಎತ್ತರದ ಗ್ರೋ ಫ್ಯೂರ್ ಲೈಟ್‌ಹೌಸ್ ಹತ್ತಿದೆ, 210 ಮೆಟ್ಲು. ಈಗ ಒಳಗೆ ವಲಸೆ ಹಕ್ಕಿಗಳ ಸೆಂಟರ್ ಮಾಡಿದಾರೆ. ವಸಂತದಲ್ಲಿ ಗಿಡುಗ, ಹದ್ದು ಥರದ ಹಕ್ಕಿಗಳು ಸಮುದ್ರ ದಾಟೋ ಮುಂಚೆ ಈ ತುದಿಗೆ ಬಂದು ಗುಂಪಾಗ್ತವಂತೆ, ಹಕ್ಕಿ ಹುಚ್ಚು ಇರೋರು ಏಪ್ರಿಲ್, ಮೇನಲ್ಲೇ ಬರಬೇಕು. ನನಗೆ ತುಂಬಾ ಇಷ್ಟ ಆಗಿದ್ದು ಊರಿನ ಅಂಚಲ್ಲಿರೋ ವಿಪ್ಪೆಫ್ಯೂರ್. ನಮ್ಮ ಏತದ ಥರಾನೇ ಉದ್ದ ಮರದ ತೊಲೆ, ತುದಿಗೆ ಕಬ್ಬಿಣದ ಬುಟ್ಟಿ, ಅದರಲ್ಲಿ ಕಲ್ಲಿದ್ದಲಿಗೆ ಬೆಂಕಿ ಹಚ್ಚಿ ಮೇಲೆತ್ತಿ ಹಡಗಿಗೆ ದಾರಿ ತೋರಿಸ್ತಿದ್ರು. ಮೂಲದ್ದು 1627ರದ್ದು, ಈಗ ನಿಂತಿರೋದು ಅದರ ಪ್ರತಿಕೃತಿ.

ಮರಳು ಈ ಊರಿಗೆ ಏನು ಮಾಡ್ತು ಅಂತ ಗೊತ್ತಾಗೋದು ಹೂತುಹೋದ ಚರ್ಚ್ ಹತ್ರ. ಸಂತ ಲಾರೆನ್ಸ್ ಹೆಸರಿನ ದೊಡ್ಡ ಚರ್ಚ್ ಅದು. ಗಾಳಿ ಮರಳನ್ನ ತಂದು ತಂದು ಸುರೀತಾನೇ ಇತ್ತು, ಜನ ಪ್ರಾರ್ಥನೆಗೆ ಬರ್ಬೇಕಾದ್ರೆ ಬಾಗಿಲ ಮುಂದಿನ ಮರಳು ತೋಡಿ ಒಳಗೆ ಹೋಗ್ಬೇಕಿತ್ತು, ಕೊನೆಗೆ 1795ರಲ್ಲಿ ಸಾಕು ಅಂತ ಮುಚ್ಚಿದ್ರು. ಉಳಿದ ಕಟ್ಟಡ ಕೆಡವಿ, ಹಡಗಿನವ್ರಿಗೆ ಗುರುತಾಗಿರಲಿ ಅಂತ ಗೋಪುರ ಮಾತ್ರ ಬಿಟ್ರು. ಪೈನ್ ಮರಗಳ ಮಧ್ಯೆ ಆ ಬಿಳಿ ಗೋಪುರ ಒಂದೇ ನಿಂತಿದೆ. ಸುತ್ತ ಇರೋ ಕಾಡೂ ಮರಳನ್ನ ಹಿಡಿದು ನಿಲ್ಲಿಸೋಕೆ ಅಂತ ನೆಟ್ಟಿದ್ದೇ.

ಇಷ್ಟೆಲ್ಲ ತಿರುಗಾಡಿದ ಮೇಲೇ ನಾನು ಸ್ಕಾಗೆನ್ಸ್ ಮ್ಯೂಸಿಯಂಗೆ ಹೋಗಿದ್ದು, ಈ ಕ್ರಮಾನೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. 1870, 80ರ ದಶಕದಲ್ಲಿ ಚಿತ್ರಕಾರರು ಇಲ್ಲಿಗೆ ಬಂದು ಬ್ರೋಂಡುಮ್ ಹೋಟೆಲಲ್ಲಿ ಇಳ್ಕೊಂಡು ಮೀನುಗಾರರನ್ನ, ಬೀಚನ್ನ ಬರೀತಿದ್ರು, 1908ರಲ್ಲಿ ಮ್ಯೂಸಿಯಂ ಶುರುವಾಗಿದ್ದೂ ಆ ಹೋಟೆಲ್ಲಿನ ಊಟದ ಕೋಣೆಯಲ್ಲೇ. ಗೋಡೆತುಂಬ ಚಿತ್ರ ಇರೋ ಆ ಕೋಣೇನ ಹಾಗೇ ಎತ್ತಿ ಮ್ಯೂಸಿಯಂ ಒಳಗೆ ತಂದಿಟ್ಟಿದಾರೆ. ಆ ಚಿತ್ರಕಾರರಲ್ಲೊಬ್ಬನಾದ ಕ್ರೋಯರ್ 1893ರಲ್ಲಿ ಬರೆದ ಚಿತ್ರದಲ್ಲಿ ಇಬ್ಬರು ಹೆಂಗಸರು ಸಂಜೆ ಬೀಚಲ್ಲಿ ನಡ್ಕೊಂಡು ಹೋಗ್ತಿದಾರೆ, ಸಮುದ್ರ ಆಕಾಶ ಎರಡೂ ನೀಲಿ. ಹಿಂದಿನ ದಿನ ಸಂಜೆ ನೋಡದೇ ಇದ್ದಿದ್ರೆ ಇದು ಕಲ್ಪನೆಯ ಬಣ್ಣ ಅನ್ಕೋತಿದ್ದೆ. ಆದ್ರೂ ನಾನು ಹೆಚ್ಚು ಹೊತ್ತು ನಿಂತಿದ್ದು ಆನಾ ಆಂಕರ್ 1891ರಲ್ಲಿ ಬರೆದ ನೀಲಿ ಕೋಣೆ ಮುಂದೆ. ಆಕೆಯ ಮಗಳು ನಮಗೆ ಬೆನ್ನು ಹಾಕಿ ಕೂತು ಕ್ರೋಶಾ ಹಾಕ್ತಿದಾಳೆ, ಕಿಟಕಿ ಬಿಸಿಲು ಗೋಡೆ ಮೇಲೆ ಚೌಕ ಚೌಕವಾಗಿ ಬಿದ್ದಿದೆ, ಅಷ್ಟೇ. ಬಂದ ಚಿತ್ರಕಾರರೆಲ್ಲ ಹೊರಗಿನವ್ರು, ಆನಾ ಮಾತ್ರ ಆ ಹೋಟೆಲ್ ಮನೆಯಲ್ಲೇ ಹುಟ್ಟಿದ ಊರಿನ ಹುಡುಗಿ. ಆಕೆ ಕಲಿಯೋ ಕಾಲಕ್ಕೆ ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಯಲ್ಲಿ ಹೆಂಗಸರಿಗೆ ಪ್ರವೇಶಾನೇ ಇರ್ಲಿಲ್ಲ. ಆನಾ ಇದ್ದ ಮನೇನೂ ಹತ್ರದಲ್ಲೇ ಇದೆ, ಬಿಡ್ಬೇಡಿ.

ಊಟಕ್ಕೆ ಬಂದರಿನ ಕೆಂಪು ಮರದ ಗೋದಾಮುಗಳ ಕಡೆ ಹೋದ್ರೆ ತಾಜಾ ಮೀನು ಸಿಗುತ್ತೆ. ವೆಜ್ ತಿನ್ನೋರಿಗೆ ಚಾಯ್ಸ್ ಕಮ್ಮಿ, ಸೂಪರ್‌ಮಾರ್ಕೆಟಲ್ಲಿ ಬ್ರೆಡ್ಡು ಚೀಸು ಹಣ್ಣು ತಗೊಳ್ಳಿ, ಇಲ್ಲಾ ಮನೆಯಿಂದ್ಲೇ ಚಪಾತಿ ಕಟ್ಕೊಂಡು ಹೋಗಿ.

ವಾಪಸ್ ಬರ್ತಾ ಹುಲ್ಸಿಗ್ ಸ್ಟೇಷನ್ನಲ್ಲಿ ಇಳಿದು ರೋಬಿಯೆರ್ ಮೀಲೆ ಅನ್ನೋ ಮರಳುದಿಬ್ಬ ನೋಡ್ದೆ. ಬೇರೆ ದಿಬ್ಬಗಳನ್ನೆಲ್ಲ ಹುಲ್ಲು, ಮರ ನೆಟ್ಟು ಕಟ್ಟಿಹಾಕಿದ್ರೆ ಇದೊಂದನ್ನ ಸರ್ಕಾರ ಬೇಕಂತಲೇ ಹರೀಲಿ ಅಂತ ಬಿಟ್ಟಿದೆ. ಸುಮಾರು 40 ಮೀಟರ್ ಎತ್ತರದ ಮರಳುಗುಡ್ಡ ವರ್ಷಕ್ಕೆ ಹೆಚ್ಚುಕಮ್ಮಿ 18 ಮೀಟರ್ ಈಶಾನ್ಯಕ್ಕೆ ಸರೀತಾ ಇದೆ. ಸ್ಟೇಷನ್ನಿಂದ ಕೆಲವು ಕಿಲೋಮೀಟರ್ ಇದೆ, ಸೈಕಲ್ ಇದ್ರೆ ಸುಲಭ. ದಿಬ್ಬದ ಮೇಲೆ ನೆರಳಿಲ್ಲ, ಅಂಗಡಿಯಿಲ್ಲ, ನೀರಿನ ಬಾಟಲ್ ತುಂಬ್ಕೊಂಡು ಹೋಗಿ, ಕ್ಯಾಮೆರಾನ ಬ್ಯಾಗಲ್ಲೇ ಇಟ್ಟಿರಿ, ಮತ್ತೆ ವಾಪಸ್ ಟ್ರೈನ್ ಟೈಮ್ ಮೊದ್ಲೇ ನೋಡ್ಕೊಂಡು ಗುಡ್ಡ ಹತ್ತಿ.