ಸೋಮಾರಿ ಬಡಗಿಯ ಪ್ರಶ್ನೆ ಮತ್ತು ನನ್ನ ಓದು

ಮಾರ್ಕ್ಸ್‌ವಾದವನ್ನು ಟೀಕಿಸಲು ನನ್ನ ಹತ್ತಿರ ಒಂದು ಪ್ರಶ್ನೆ ಸದಾ ಸಿದ್ಧವಾಗಿ ಇರುತ್ತಿತ್ತು. ವಸ್ತುವಿನ ಮೌಲ್ಯ ಅದಕ್ಕೆ ಹಾಕಿದ ದುಡಿಮೆಯಿಂದ ಬರುತ್ತದೆ ಅಂತಾದರೆ, ಒಂದೇ ಕುರ್ಚಿಗೆ ಹತ್ತು ದಿನ ತಗೊಂಡ ಸೋಮಾರಿ ಬಡಗಿಗೆ ಜಾಸ್ತಿ ಬೆಲೆ ಸಿಗಬೇಕಲ್ವಾ? ಎಷ್ಟೋ ವಾದಗಳಲ್ಲಿ ಇದನ್ನು ಕೇಳಿ ಎದುರಿನವರನ್ನು ಸುಮ್ಮನಾಗಿಸಿದ್ದೆ. ಒಂದು ದಿನ ಗೆಳೆಯನೊಬ್ಬ ಏನೂ ವಾದ ಮಾಡದೆ ಮಾರ್ಕ್ಸ್ ಬರೆದ 'ಬಂಡವಾಳ'ದ ಮೊದಲ ಸಂಪುಟ ತಂದು, ಮೊದಲ ಅಧ್ಯಾಯ ತೆಗೆದು ಕೈಗೆ ಕೊಟ್ಟ.

ನನ್ನ ಪ್ರಶ್ನೆ ಅಲ್ಲೇ ಇತ್ತು, ಶುರುವಿನ ಕೆಲವೇ ಪುಟಗಳಲ್ಲಿ. ಕೆಲಸಗಾರ ಸೋಮಾರಿಯಾದಷ್ಟೂ ಅವನ ಸರಕಿಗೆ ಮೌಲ್ಯ ಹೆಚ್ಚಾ ಅಂತ ಮಾರ್ಕ್ಸ್ ತಾನೇ ಕೇಳಿಕೊಂಡು ಉತ್ತರ ಕೊಡುತ್ತಾನೆ. ಒಬ್ಬೊಬ್ಬನಿಗೆ ಹಿಡಿಯುವ ಸಮಯ ಲೆಕ್ಕಕ್ಕಿಲ್ಲ. ಆ ಕಾಲದ ಸಾಮಾನ್ಯ ಸಲಕರಣೆ, ಸಾಮಾನ್ಯ ಕೈಚಳಕ ಇಟ್ಟುಕೊಂಡು ಸಮಾಜಕ್ಕೆ ಬೇಕಾಗುವಷ್ಟು ಸಮಯವೇ ಲೆಕ್ಕ. ಇಂಗ್ಲೆಂಡಿಗೆ ಯಂತ್ರದ ಮಗ್ಗ ಬಂದಾಗ ಕೈಮಗ್ಗದವನು ಮೊದಲಿನಷ್ಟೇ ಹೊತ್ತು ನೇಯ್ದ, ಆದರೆ ಅವನ ಒಂದು ಗಂಟೆಯ ದುಡಿಮೆಗೆ ಈಗ ಅರ್ಧ ಗಂಟೆಯ ಮೌಲ್ಯ ಮಾತ್ರ ಅನ್ನುವ ಉದಾಹರಣೆಯನ್ನೂ ಕೊಟ್ಟಿದ್ದಾನೆ. ಈ ಉತ್ತರ ಒಪ್ಪಲೇಬೇಕು ಅಂತೇನಿಲ್ಲ. ಆದರೆ 1867ರಿಂದ ಅಚ್ಚಿನಲ್ಲಿರುವ ಉತ್ತರ ಇದೆ ಅನ್ನುವುದೇ ಗೊತ್ತಿಲ್ಲದೆ ನಾನು ಅಷ್ಟು ವರ್ಷ ಮಾತಾಡಿದ್ದೆ. ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಓದಲು ಕೂತೆ. ಮೊದಲ ಅಧ್ಯಾಯ ಕಬ್ಬಿಣದ ಕಡಲೆ, ಎರಡು ಸಲ ಅರ್ಧಕ್ಕೇ ಬಿಟ್ಟೆ. ದಾರಿ ಸಿಕ್ಕಿದ್ದು ಮಾರ್ಕ್ಸ್‌ನ ಒಂದು ಪತ್ರದಿಂದ. ಗೆಳೆಯ ಕೂಗಲ್‌ಮಾನ್‌ನ ಹೆಂಡತಿಗೆ ಮೊದಲು ಓದಲು ಅವನು ಸೂಚಿಸಿದ ಭಾಗಗಳಲ್ಲಿ ದುಡಿಮೆಯ ದಿನದ ಬಗೆಗಿನ ಅಧ್ಯಾಯವೂ ಇತ್ತು. ನಾನೂ ಅಲ್ಲಿಂದಲೇ ಶುರು ಮಾಡಿದೆ. ಅಲ್ಲಿ ಸಿದ್ಧಾಂತ ಕಮ್ಮಿ, ಬ್ರಿಟಿಷ್ ಕಾರ್ಖಾನೆ ಇನ್‌ಸ್ಪೆಕ್ಟರುಗಳ ವರದಿಗಳೇ ಜಾಸ್ತಿ. ಅದನ್ನು ಮುಗಿಸಿ ಹಿಂದಕ್ಕೆ ಬಂದಾಗ ಮೊದಲ ಅಧ್ಯಾಯ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಂಡಿತು.

ನೋಟ್‌ಬುಕ್ಕಿನ ಎಡಪುಟದಲ್ಲಿ ಲೇಖಕ ಹೇಳುವುದನ್ನು, ಅವನೇ ಓದಿದರೂ ಹೌದು ಅನ್ನುವ ಹಾಗೆ, ನನ್ನ ಮಾತಿನಲ್ಲಿ ಬರೆಯುತ್ತಿದ್ದೆ. ಬಲಪುಟ ನನ್ನ ತಕರಾರಿಗೆ. ಎಡಪುಟ ತುಂಬುವವರೆಗೆ ಬಲಪುಟ ಮುಟ್ಟುತ್ತಿರಲಿಲ್ಲ. ಕಷ್ಟ ಅಂದರೆ ಇದೇ.

ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್‌ನನ್ನೂ ಹಾಗೇ ಓದಿದೆ, ಯಾಕೆಂದರೆ ಬಂಡವಾಳಶಾಹಿಯನ್ನು ಬೈಯುವ ಗೆಳೆಯರು ಅವನನ್ನು ದುರಾಸೆಯ ವಕೀಲ ಅನ್ನುತ್ತಿದ್ದರು, ಹೊಗಳುವವರು ಬರೀ 'ಕಾಣದ ಕೈ' (ಒಬ್ಬೊಬ್ಬನೂ ತನ್ನ ಲಾಭ ನೋಡಿಕೊಂಡರೂ ಸಮಾಜಕ್ಕೆ ಒಳ್ಳೆಯದಾಗುತ್ತದೆ ಅನ್ನುವ ಮಾತು) ಅನ್ನುತ್ತಿದ್ದರು. 1776ರ 'ವೆಲ್ತ್ ಆಫ್ ನೇಷನ್ಸ್'ನಲ್ಲಿ ಆ ಕಾಣದ ಕೈ ಬರುವುದು ಒಂದೇ ಒಂದು ಸಲ! ಹತ್ತು ಜನ ಸೇರಿ ದಿನಕ್ಕೆ 48,000 ಗುಂಡುಸೂಜಿ ಮಾಡುವುದನ್ನು ಮೊದಲ ಅಧ್ಯಾಯದಲ್ಲಿ ಮೆಚ್ಚಿ ಬರೆದವನೇ, ಐದನೇ ಭಾಗಕ್ಕೆ ಬಂದಾಗ ಜೀವನವಿಡೀ ಒಂದೆರಡು ಸಣ್ಣ ಕೆಲಸ ಮಾಡುವವನ ಬುದ್ಧಿ ಮಂಕಾಗುತ್ತದೆ, ಸರ್ಕಾರ ಇದನ್ನು ತಡೆಯಲು ಏನಾದರೂ ಮಾಡಬೇಕು ಅನ್ನುತ್ತಾನೆ. ಒಂದೇ ಕಸುಬಿನ ವ್ಯಾಪಾರಿಗಳು ಒಟ್ಟು ಸೇರಿದರೆ ಮಾತು ಬೆಲೆ ಏರಿಸುವ ಸಂಚಿಗೇ ಹೋಗುತ್ತದೆ ಅಂತಲೂ ಬರೆದಿದ್ದಾನೆ. ಇದನ್ನು ಓದಿದ ರಾತ್ರಿ ನನ್ನ ಬಲಪುಟ ಖಾಲಿಯೇ ಉಳಿಯಿತು.

ಹಾಗಾದರೆ ಟೀಕಿಸುವವರೆಲ್ಲ ಇದನ್ನು ಓದಲೇಬೇಕಾ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಕೆಲಸ ಕಳೆದುಕೊಂಡವರು ಬಂಡವಾಳಶಾಹಿಯ ಬಗ್ಗೆ ಮಾತಾಡಲು ಸ್ಮಿತ್‌ನನ್ನು ಓದಿ ಬರಬೇಕಿಲ್ಲ. ಸ್ಟಾಲಿನ್ ಕಾಲದ ಕ್ಷಾಮದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ 'ಮೊದಲು ಮಾರ್ಕ್ಸ್ ಓದಿ' ಅನ್ನುವುದು ಕ್ರೂರತನ. ಅವರು ಹೇಳುತ್ತಿರುವುದು ತಮ್ಮ ಮೇಲೆ ನಡೆದದ್ದನ್ನು. ಆದರೆ 'ಮಾರ್ಕ್ಸ್ ಹೀಗೆ ಹೇಳಿದ, ಅದು ತಪ್ಪು' ಅಂತ ಬಾಯಿ ಬಿಟ್ಟ ಕ್ಷಣದಿಂದ ಆ ಪುಟ ಓದುವ ಜವಾಬ್ದಾರಿ ನಮ್ಮದು. ಮೂರೂ ಸಂಪುಟ ಬೇಡ, ಆ ಪುಟ ಮತ್ತು ಅದರ ಅಕ್ಕಪಕ್ಕದ ಪುಟಗಳಾದರೂ ಸಾಕು. ಮಾರ್ಕ್ಸ್ ಕೂಡ ಸ್ಮಿತ್ ಮತ್ತು ಇನ್ನೊಬ್ಬ ಅರ್ಥಶಾಸ್ತ್ರಜ್ಞ ರಿಕಾರ್ಡೊ ಮೇಲೆ ನೋಟ್‌ಬುಕ್ಕುಗಳನ್ನೇ ತುಂಬಿಸಿದ್ದ.

ನಾನು ಇವತ್ತಿಗೂ ಮಾರ್ಕ್ಸ್‌ವಾದಿ ಅಲ್ಲ. ಬಡಗಿಯ ಪ್ರಶ್ನೆ ಮಾತ್ರ ಬಿಟ್ಟೆ. 1894ರಲ್ಲಿ ಮೂರನೇ ಸಂಪುಟ ಬಂದಮೇಲೆ, 1896ರಲ್ಲಿ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಬೋಮ್-ಬಾವರ್ಕ್ ಎತ್ತಿದ ಪ್ರಶ್ನೆ ಈಗ ನನ್ನದೂ ಹೌದು: ಮೊದಲ ಸಂಪುಟದಲ್ಲಿ ಸರಕುಗಳು ದುಡಿಮೆಯ ಲೆಕ್ಕದಲ್ಲಿ ವಿನಿಮಯವಾಗುತ್ತವೆ ಅಂದಮೇಲೆ, ಮೂರನೆಯದರಲ್ಲಿ ಬೆಲೆಗಳು ಆ ಲೆಕ್ಕದಿಂದ ದೂರ ಸರಿಯುವುದು ಹೇಗೆ? ಇದನ್ನು ಕೇಳಿದ ದಿನ ಅದೇ ಗೆಳೆಯ ತಕ್ಷಣ ಉತ್ತರ ಕೊಡಲಿಲ್ಲ. ಮೂರನೇ ಸಂಪುಟ ಕೇಳಿ ತಗೊಂಡು ಹೋದ.