ಗಂಜ್ ಅಂಗಡಿಗೆ ಆ್ಯಪ್ ಮಾಡೋರಿಗೆ ಒಂದು ಮಾತು

ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಅಡತಿ (ದಲ್ಲಾಳಿ) ಅಂಗಡಿಯೊಂದಕ್ಕೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯುವ ಆ್ಯಪ್ ಮಾಡಿಕೊಟ್ಟೆ. ನನಗೆ ಬರೋದು ವೆಬ್ ಪುಟ ಮಾಡುವ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಅಷ್ಟೇ.

ಮೊದಲು ವೆಬ್ ಕೋಡನ್ನೇ ಕಂಪ್ಯೂಟರ್ ಆ್ಯಪ್ ಮಾಡುವ ಎಲೆಕ್ಟ್ರಾನ್‌ನಲ್ಲಿ ಕಟ್ಟಿದೆ. ಅದು ಕ್ರೋಮಿಯಂ ಬ್ರೌಸರನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತೆ. ಸಾಹುಕಾರರ 4 ಜಿಬಿ ಕಂಪ್ಯೂಟರ್ ಏದುಸಿರು ಬಿಡ್ತು. ಆಮೇಲೆ ಅದೇ ಕೆಲಸ ಮಾಡುವ ಟೌರಿಗೆ ಬದಲಿಸಿದೆ. ವಿಂಡೋಸ್‌ನಲ್ಲಿರುವ ವೆಬ್‌ವ್ಯೂ2 (ಪುಟ ತೋರಿಸುವ ಬ್ರೌಸರ್ ಭಾಗ) ಅನ್ನೇ ಬಳಸೋದರಿಂದ ಆ್ಯಪ್ ಕೆಲವೇ ಎಂಬಿ. 2024ರ ಟೌರಿ 2.0 ಆವೃತ್ತಿಯಿಂದ ಅದೇ ಕೋಡ್ ಆಂಡ್ರಾಯ್ಡ್, ಐಫೋನ್‌ಗೂ ಆಗುತ್ತೆ. (ಐಫೋನ್‌ಗೆ ಮ್ಯಾಕ್ ಬೇಕು. ಗಂಜ್‌ನಲ್ಲಿ ಅದನ್ನ ನನ್ನ ಹತ್ರ ಇನ್ನೂ ಯಾರೂ ಕೇಳಿಲ್ಲ!)

ಹಳೇ ವಿಂಡೋಸ್ 10ರಲ್ಲಿ ವೆಬ್‌ವ್ಯೂ2 ಇಲ್ಲದಿದ್ದರೆ ಇನ್‌ಸ್ಟಾಲರ್ ಅದನ್ನ ನೆಟ್‌ನಿಂದ ಇಳಿಸಿಕೊಳ್ಳುತ್ತೆ. ಅಂಗಡೀಲಿ ನೆಟ್ ಇರಲಿಲ್ಲ, ಸುಡು ಬಿಸಿಲಲ್ಲಿ ಮನೆಗೆ ಹೋಗಿ ಬಂದೆ. ಆಫ್‌ಲೈನ್ ಇನ್‌ಸ್ಟಾಲರ್ ಆಯ್ಕೆ ಹಾಕಿಯೇ ಬಿಲ್ಡ್ ಮಾಡಿ. ಫೈಲ್ 120 ಎಂಬಿ ಮೇಲೆ ದಪ್ಪ ಆಗುತ್ತೆ, ಆಗಲಿ ಬಿಡಿ.

ನಿಜವಾದ ತಲೆನೋವು ಪ್ರಿಂಟ್. ಥರ್ಮಲ್ ಪ್ರಿಂಟರ್‌ಗೆ 'ಹಮಾಲಿ' ಅಂತ ಕಳಿಸಿದರೆ ಬಂದದ್ದು ಸಾಲುಗಟ್ಟಲೆ ಪ್ರಶ್ನೆ ಚಿಹ್ನೆ. ಅದರೊಳಗೆ ಕನ್ನಡ ಅಕ್ಷರವೇ ಇರಲಿಲ್ಲ. ಹಾಗಾಗಿ ಪಟ್ಟಿಯನ್ನು ಕ್ಯಾನ್ವಾಸ್ (ವೆಬ್ ಪುಟದೊಳಗೆ ಚಿತ್ರ ಬಿಡಿಸುವ ಜಾಗ) ಮೇಲೆ ಬರೆದು ಚಿತ್ರವಾಗಿ ಕಳಿಸಿ. ಸಾಮಾನ್ಯವಾಗಿ 58 ಎಂಎಂ ಪ್ರಿಂಟರ್‌ಗೆ ಅಗಲ 384 ಚುಕ್ಕಿ, 80 ಎಂಎಂಗೆ 576. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಆ್ಯಪ್ ಜತೆಗೇ ಸೇರಿಸಿ, ಅದು ಲೋಡ್ ಆದ ಮೇಲಷ್ಟೇ ಬರೆಸಿ. ಇಲ್ಲಾಂದ್ರೆ ಬೆಳಗಿನ ಮೊದಲ ಪಟ್ಟಿ ಬೇರೆ ಅಕ್ಷರದಲ್ಲಿ ಬರುತ್ತೆ. ಪ್ರಿಂಟರ್‌ಗೆ ಕಳಿಸುವ ತುಂಡಿಗೆ ಮಾತ್ರ ಸ್ವಲ್ಪ ರಸ್ಟ್ ಭಾಷೆಯ ಕೋಡ್ ಬರೆಯಬೇಕಾಯ್ತು.

ಲೆಕ್ಕ ಬ್ರೌಸರಿನ ಲೋಕಲ್ ಸ್ಟೋರೇಜ್‌ನಲ್ಲಿ ಇಡಬೇಡಿ, ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್‌ನಲ್ಲಿಡಿ. ಸಂಜೆ ಪೆನ್‌ಡ್ರೈವ್‌ಗೆ ಒಂದು ಕಾಪಿ ಹಾಕ್ಕೊಳ್ಳೋಕೆ ಗುಮಾಸ್ತರಿಗೂ ಸುಲಭ.